ಟ್ಯೂನ್ ಮಾಡಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲ, ಯಾವ ಪಾರ್ಟ್ ಬದಲಾಯಿಸಬೇಕು?

ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಸದ್ಯಕ್ಕೆ ಯಾವುದನ್ನೂ ಬದಲಾಯಿಸಬೇಡಿ. ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಬರುವವರು, ರಾತ್ರಿ ಹತ್ತಕ್ಕೆ ಫೋನ್ ಮಾಡುವವರು, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಟರ್ಬೋ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರುವ ಕಾರಿಗೆ ರೀಮ್ಯಾಪ್ ಮಾಡಿಸಿ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ಲೆಕ್ಕಪಟ್ಟಿ (ಮ್ಯಾಪ್) ಬದಲಾಯಿಸಿ, ಆ ಗಾಳಿಯನ್ನು ತಣ್ಣಗಾಗಿಸುವ ದೊಡ್ಡ ಇಂಟರ್‌ಕೂಲರ್ ಮತ್ತು ಬೇರೆ ಏರ್ ಫಿಲ್ಟರ್ ಹಾಕಿಸಿ, ಒಂದೆರಡು ತಿಂಗಳು ಸಂತೋಷವಾಗಿ ಓಡಿಸಿದ ಮೇಲೆ ಗಾಡಿ ಜರ್ಕ್ ಹೊಡೆಯಲು ಶುರುವಾಗಿರುತ್ತದೆ. ಆಗ ಅವರಿಗೆ ನನ್ನಿಂದ ಬೇಕಾಗುವುದು ಒಂದು ಪಾರ್ಟಿನ ಹೆಸರು ಮಾತ್ರ. ಗಾಡಿಯನ್ನು ನೋಡದೆ, ಒಂದು ಅಳತೆಯನ್ನೂ ತೆಗೆಯದೆ ನಾನು ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಇವನಿಗೆ ಕೆಲಸ ಗೊತ್ತಿಲ್ಲ ಎನ್ನುತ್ತಾರೆ, ಇಲ್ಲವೇ ಗಿರಾಕಿಯನ್ನು ಗ್ಯಾರೇಜಿಗೆ ಕರೆಸಿಕೊಳ್ಳಲು ಆಟ ಆಡುತ್ತಿದ್ದಾನೆ ಎನ್ನುತ್ತಾರೆ. ಎರಡೂ ಮಾತು ನನಗೆ ನೋವು ಕೊಟ್ಟಿವೆ, ಆದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ.

'ಎಳೆಯುತ್ತಿಲ್ಲ' ಎಂಬ ಮಾತಿನಿಂದ ನನಗೆ ಏನೂ ತಿಳಿಯುವುದಿಲ್ಲ. ಟರ್ಬೋ ಕೊಡಬೇಕಾದ ಒತ್ತಡವನ್ನು ಕೊಡದಿದ್ದರೂ ಗಾಡಿ ಎಳೆಯುವುದಿಲ್ಲ. ಒತ್ತಡ ಸರಿಯಾಗಿದ್ದು, ಸಿಲಿಂಡರಿನಲ್ಲಿ ನಾಕಿಂಗ್ (ಇಂಧನ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳುವುದು) ಆಗುತ್ತಿರುವುದನ್ನು ಸೆನ್ಸರ್ ಗುರುತಿಸಿ, ಇಸಿಯು ಕಿಡಿಯನ್ನು ತಡವಾಗಿ ಹಾರಿಸಿದರೂ ಎಳೆಯುವುದಿಲ್ಲ. ಪ್ಲಗ್ಗಿನ ಗ್ಯಾಪ್ ಹೆಚ್ಚಾಗಿದ್ದರೆ ಏರಿದ ಒತ್ತಡದಲ್ಲಿ ಕಿಡಿ ಹಾರಲಾರದೆ ಮಿಸ್ ಹೊಡೆಯುತ್ತದೆ. ಪಂಪಿಗೆ ಶಕ್ತಿ ಸಾಲದೆ ಇಂಧನದ ಒತ್ತಡ ಕುಸಿದರೆ, ಪೂರ್ತಿ ಆಕ್ಸಿಲರೇಟರ್ ತುಳಿದಾಗ ಸುಮಾರು 12 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಸಿಗಬೇಕಾದ ಕಡೆ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಕರಗುವ ಸ್ಥಿತಿ ಬರುತ್ತದೆ. ಈ ನಾಲ್ಕೂ ತೊಂದರೆಗಳು ಓಡಿಸುವವನ ಕಾಲಿಗೆ ಹೆಚ್ಚುಕಡಿಮೆ ಒಂದೇ ರೀತಿ ಅನುಭವಕ್ಕೆ ಬರುತ್ತವೆ. ಮೊದಲ ಮೂರರಲ್ಲಿ ಯೋಚಿಸಲು ಸಮಯವಿದೆ, ನಾಲ್ಕನೆಯದರಲ್ಲಿ ಇಲ್ಲ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು, ಮೂವತ್ತರ ಆಸುಪಾಸಿನವರು, ಕಳೆದ ಮಳೆಗಾಲಕ್ಕೆ ಮುಂಚೆ ಟ್ಯೂನ್ ಮಾಡಿಸಿದ ತಮ್ಮ 1.2 ಲೀಟರಿನ ಟರ್ಬೋ ಪೆಟ್ರೋಲ್ ಕಾರನ್ನು ತಂದು ನಿಲ್ಲಿಸಿದರು. ಚಾರ್ಮಾಡಿ ಘಾಟಿ ಹತ್ತುವಾಗ, ಕೊಟ್ಟಿಗೆಹಾರ ಇನ್ನೂ ದೂರವಿರುವಾಗಲೇ, ಮೂರನೇ ಗೇರಿನಲ್ಲಿ ಗಾಡಿ ಒಮ್ಮೆ ಮುಗ್ಗರಿಸಿ, ಚೆಕ್ ಇಂಜಿನ್ ದೀಪ ಹತ್ತಿ, ಅಲ್ಲಿಂದ ಮುಂದೆ ಲಾರಿಯ ಹಿಂದೆ ತೆವಳಿಕೊಂಡು ಬರುವಂತಾಗುತ್ತಿತ್ತು. ಪ್ಲಗ್ ಬದಲಾಯಿಸಿದ್ದರು. ಪ್ಲಗ್ಗಿಗೆ ಕರೆಂಟ್ ಕೊಡುವ ನಾಲ್ಕೂ ಕಾಯಿಲ್ ಬದಲಾಯಿಸಿದ್ದರು. ಪಂಪ್ ಬದಲಾಯಿಸಿದ್ದರು. ಕೊನೆಗೆ ಯಾರದೋ ಮಾತು ಕೇಳಿ ಟರ್ಬೋವನ್ನೇ ಬದಲಾಯಿಸಿದ್ದರು. "ಅಣ್ಣ, ಇನ್ನು ಏನು ಬಾಕಿ ಇದೆ ಹೇಳಿ, ಅದನ್ನೂ ತರಿಸಿಬಿಡ್ತೀನಿ" ಎಂದರು. ಅಷ್ಟರಲ್ಲಿ ಅವರಿಗೆ 1 ಲಕ್ಷದ 10 ಸಾವಿರ ರೂಪಾಯಿ ಖರ್ಚಾಗಿತ್ತು.

ಸ್ಕ್ಯಾನರ್ ಹಾಕಿದಾಗ ಪಿ0299 ಎಂಬ ಕೋಡ್ ಸಿಕ್ಕಿತು. ಇಸಿಯು ಕೇಳಿದ ಒತ್ತಡ ಟರ್ಬೋ ಕಡೆಯಿಂದ ಬರಲಿಲ್ಲ ಎಂಬುದಷ್ಟೇ ಅದರ ಅರ್ಥ, ಟರ್ಬೋ ಕೆಟ್ಟಿದೆ ಎಂದಲ್ಲ. ಹೆಚ್ಚಿನ ಜನ ಎಡವುವುದು ಇಲ್ಲೇ. ಮರುದಿನ ಬೆಳಗ್ಗೆ ಆರು ಗಂಟೆಗೆ, ರಸ್ತೆ ಖಾಲಿಯಿರುವಾಗ, ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕಡೂರು ರಸ್ತೆಗೆ ಹೋದೆವು. ಮೊದಲ ಸಲ ಮೂರನೇ ಗೇರಿನಲ್ಲಿ ಪೂರ್ತಿ ತುಳಿದಾಗ ಕೇಳಿದ್ದು 200 ಕಿಲೋಪ್ಯಾಸ್ಕಲ್ (ಒತ್ತಡದ ಅಳತೆ, ಹೊರಗಿನ ಗಾಳಿಯದೂ ಸೇರಿ), ಬಂದದ್ದು 198. ಎರಡನೆಯ ಸಲವೂ ತಪ್ಪಿಲ್ಲ. ಮೂರನೆಯ ಸಲ, ಎಲ್ಲ ಚೆನ್ನಾಗಿ ಕಾದ ಮೇಲೆ, 4,000 ಆರ್‌ಪಿಎಂ ಹತ್ತಿರ 165ಕ್ಕೆ ಬಿತ್ತು. ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೋ ತಪ್ಪಿಸಿ ಬೇರೆ ದಾರಿಗೆ ಬಿಡುವ ಬಾಗಿಲು) ಪೂರ್ತಿ ಮುಚ್ಚಿಕೊಂಡಿದೆ, ಟರ್ಬೋ ತನ್ನ ಶಕ್ತಿ ಮೀರಿ ತಿರುಗುತ್ತಿದೆ, ಗಾಳಿ ಮಾತ್ರ ಇಂಜಿನ್ ಸೇರುತ್ತಿಲ್ಲ.

ಗ್ಯಾರೇಜಿಗೆ ಮರಳಿ, ಟರ್ಬೋ ಒಳದಾರಿಗೆ ಮುಚ್ಚಳ ಹಾಕಿ, ಇಂಜಿನ್ನಿನ ಒಳಗಿನ ಹಬೆ ಬರುವ ಬ್ರೀದರ್ ಪೈಪನ್ನು ಕಟ್ಟಿ, ಕಂಪ್ರೆಸರಿನಿಂದ ಸುಮಾರು 1 ಬಾರ್ ಗಾಳಿ ತುಂಬಿ, ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಸವರಿದೆ. ಇಂಟರ್‌ಕೂಲರಿನ ಕೆಳಗಿನ ಹೋಸ್ ಪೈಪಿನ ಬಾಯಲ್ಲಿ ಗುಳ್ಳೆ ಎದ್ದಿತು. ಆ ಬಾಯಿಯ ಸುತ್ತ ಕಾಫಿ ಚರಟದ ಬಣ್ಣದ ಒಂದು ಉಂಗುರವಿತ್ತು: ಟರ್ಬೋದಿಂದ ಬರುವ ಎಣ್ಣೆಯ ಹಬೆ ಹೊರಗೆ ಸೋರಿ, ಅದಕ್ಕೆ ದೂಳು ಅಂಟಿ, ತಿಂಗಳುಗಳಿಂದ ಅಲ್ಲಿಯೇ ಇದ್ದದ್ದು. ಹೋಸ್ ಬಿಚ್ಚಿದಾಗ ಕಾರಣ ಕೈಗೇ ಸಿಕ್ಕಿತು. ಕಾರಿನ ಜೊತೆ ಬರುವ ಇಂಟರ್‌ಕೂಲರಿನ ಕೊಳವೆಯ ಅಂಚಿನಲ್ಲಿ ಒಂದು ಉಬ್ಬಿದ ಬಳೆ ಇರುತ್ತದೆ, ಕ್ಲಾಂಪ್ ಅದರ ಹಿಂದೆ ಕೂರುವುದರಿಂದ ಹೋಸ್ ಜಾರುವುದಿಲ್ಲ. ಹೊಸದಾಗಿ ಹಾಕಿಸಿದ ಇಂಟರ್‌ಕೂಲರಿನ ಕೊಳವೆ ನುಣ್ಣಗಿತ್ತು. ತಣ್ಣಗಿರುವಾಗ ಹೋಸ್ ಹಿಡಿದುಕೊಳ್ಳುತ್ತಿತ್ತು. ಕಾದು ಮೆತ್ತಗಾಗಿ, ಒಳಗೆ ಎಣ್ಣೆ ಪಸೆಯೂ ಸೇರಿದಾಗ ಅರ್ಧ ಇಂಚು ಹಿಂದಕ್ಕೆ ಸರಿಯುತ್ತಿತ್ತು. ಆರ್ಗಾನ್ ವೆಲ್ಡಿಂಗಿನವರ ಹತ್ತಿರ ಕೊಳವೆಯ ಸುತ್ತ ಉಬ್ಬು ಎಬ್ಬಿಸಿ, ಗಟ್ಟಿ ಕ್ಲಾಂಪ್ ಹಾಕಿದೆವು. ಎಲ್ಲ ಸೇರಿ 600 ರೂಪಾಯಿ.

ಘಾಟಿಯಲ್ಲಿ ಮಾತ್ರ ಯಾಕೆ ಹಾಗಾಗುತ್ತಿತ್ತು ಎಂದು ಅವರು ಕೇಳಿದರು. ಒಂದು ಕಾರಣ, ಏರುದಾರಿಯಲ್ಲಿ ಇಂಜಿನ್ ಬಹಳ ಹೊತ್ತು ಭಾರ ಹೊತ್ತು ಎಲ್ಲವೂ ಕಾಯುತ್ತದೆ. ಇನ್ನೊಂದು ಕಾರಣ ನಮ್ಮ ಊರಿನ ಎತ್ತರಕ್ಕೆ ಸೇರಿದ್ದು. ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್, ಚಿಕ್ಕಮಗಳೂರಿನಲ್ಲಿ ಸುಮಾರು 90, 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯಲ್ಲಿ ಸುಮಾರು 80. ಇಸಿಯು ಎಲ್ಲ ಕಡೆ 200 ಕೇಳಿದರೆ, ಟರ್ಬೋ ಮಂಗಳೂರಿನಲ್ಲಿ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಮುಳ್ಳಯ್ಯನಗಿರಿಯಲ್ಲಿ ಎರಡೂವರೆ ಪಟ್ಟು ಒತ್ತಬೇಕು. ಅಂದರೆ ಇನ್ನೂ ವೇಗವಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತದೆ. ಅಂಥ ಟರ್ಬೋಗೆ ಸಣ್ಣ ಸೋರಿಕೆಯೂ ಭಾರ. ಬೇರೆ ಊರಿನ ಡೈನೋ (ಗಾಡಿ ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ತಂಪು ಬೆಳಗಿನಲ್ಲಿ ಮಾಡಿದ ಮ್ಯಾಪನ್ನು ನಮ್ಮ ಗುಡ್ಡಗಳ ಮೇಲೂ, ಬೇಸಿಗೆಯಲ್ಲಿ ಶಿರಾಡಿ ಇಳಿದು ಮಂಗಳೂರಿನ ಸೆಕೆಯಲ್ಲೂ ಲಾಗ್ (ಓಡುವಾಗಿನ ಅಳತೆಗಳ ದಾಖಲೆ) ತೆಗೆದು ನೋಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಪೆಟ್ರೋಲ್ ಬಗ್ಗೆ ಪ್ರತ್ಯೇಕವಾಗಿ ಹೇಳುವುದೇನೂ ಇಲ್ಲ: 95 ಆಕ್ಟೇನಿಗೆ (ನಾಕಿಂಗ್ ತಡೆಯುವ ಗುಣದ ಅಳತೆ) ಮಾಡಿದ ಮ್ಯಾಪಿನಲ್ಲಿ ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ತುಂಬಿಸಿದರೆ ಇಸಿಯು ಶಕ್ತಿ ಕಡಿತ ಮಾಡುತ್ತದೆ, ಮಾಡಲೇಬೇಕು.

ಟ್ಯೂನ್ ಮಾಡಿಸುವ ಮುಂಚೆ ನನ್ನ ಇಂಜಿನ್ ಹೇಗಿದೆ ನೋಡಿ ಹೇಳುತ್ತೀರಾ ಎಂದು ಯಾರಾದರೂ ಕೇಳಿದರೆ ಆ ದಿನ ನಾನು ಬೇರೆ ಕೆಲಸ ಬದಿಗಿಟ್ಟು ಕೂರುತ್ತೇನೆ. ನಾಲ್ಕು ಸಿಲಿಂಡರಿನ ಕಂಪ್ರೆಷನ್ (ಒಳಗೆ ಗಾಳಿ ಎಷ್ಟು ಒತ್ತಲ್ಪಡುತ್ತದೆ ಎಂಬುದು) ಅಳೆದು, ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮ್ಯಾಪ್ ಬೇಡವೆನ್ನುತ್ತೇನೆ. ಸೋಪಿನ ನೀರಿನ ಪರೀಕ್ಷೆ ಆಗಲೇ ಮಾಡುತ್ತೇನೆ. ಮಾರ್ಪಾಡು ಮಾಡದ ಗಾಡಿಯ ಲಾಗ್ ತೆಗೆದು ಇಟ್ಟುಕೊಳ್ಳುತ್ತೇನೆ, ಏಕೆಂದರೆ ಮುಂದೆ ತೊಂದರೆ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಾಕಿಸಬೇಕೆಂದಿರುವ ಮಾರ್ಪಾಡು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಅಡ್ಡ ಬರುತ್ತದೆಯೇ, ವಿಮೆಯವರಿಗೆ ತಿಳಿಸಬೇಕೇ ಎಂಬುದನ್ನೂ ಅದೇ ದಿನ ಮಾತಾಡುತ್ತೇನೆ. ಹೀಗೆ ಕೇಳಿಕೊಂಡು ಬಂದವರು ಈ ವರ್ಷ ಇಬ್ಬರೇ.

ಈಗಾಗಲೇ ಟ್ಯೂನ್ ಮಾಡಿಸಿ ತೊಂದರೆಯಲ್ಲಿರುವವರು ದಯವಿಟ್ಟು ಕೋಡ್ ಅಳಿಸಿಕೊಂಡು ಬರಬೇಡಿ. ದೀಪ ಹತ್ತಿದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಕಾದಿತ್ತು, ಎಷ್ಟು ಭಾರ ಹೊತ್ತಿತ್ತು ಎಂಬುದನ್ನು ಇಸಿಯು ಕೋಡಿನ ಜೊತೆಗೆ ಬರೆದಿಟ್ಟಿರುತ್ತದೆ, ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬಿಚ್ಚಿಸಿದ ಹಳೆಯ ಪಾರ್ಟುಗಳನ್ನೂ ಎಸೆಯದೆ ತನ್ನಿ. ಮೂಡಿಗೆರೆಯವರ ಹಳೆಯ ಟರ್ಬೋವನ್ನು ನಾನು ಕೈಯಲ್ಲಿ ಹಿಡಿದು ಶಾಫ್ಟ್ ಅಲುಗಾಡಿಸಿ ನೋಡಿದೆ, ಅದರಲ್ಲಿ ಯಾವ ದೋಷವೂ ಇರಲಿಲ್ಲ.