ಹಾಜರಿ ಪುಸ್ತಕದ ಓದು: ತೊಗರಿ ರಾಶಿ ಮುಗಿದ ಮೇಲಿನ ಟಿಪ್ಪಣಿ

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಆರು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕಗಳನ್ನು ತಿಂಗಳುವಾರು ಓದಿ, ಮಕ್ಕಳ ಗೈರುಹಾಜರಿ ವರ್ಷದ ಯಾವ ಕಾಲದಲ್ಲಿ, ಯಾವ ತರಗತಿಯಲ್ಲಿ, ಎಷ್ಟು ದಿನಗಳವರೆಗೆ ಕಾಣಿಸುತ್ತದೆ ಎಂಬುದನ್ನು ಗುರುತಿಸುವ ಕೆಲಸವನ್ನು ಜೂನ್‌ನಲ್ಲಿ ಆರಂಭಿಸಿದ್ದೆವು. ಇದಕ್ಕೆ ಯಾವ ಸಂಸ್ಥೆಯ ಅನುದಾನವೂ ಇಲ್ಲ. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಬೋಧಿಸುವ ನಾನು ಮತ್ತು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಇಬ್ಬರು ಸ್ನೇಹಿತರು ರಜಾ ದಿನಗಳಲ್ಲಿ ಸೇರಿ ಮಾಡುತ್ತಿರುವ ಹವ್ಯಾಸದ ಅಧ್ಯಯನವಿದು. ಮುಖ್ಯ ಗುರುಗಳ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆ ಪಡೆದಿದ್ದೇವೆ. ನಮ್ಮ ಹಾಳೆಗಳಲ್ಲಿ ಮಗುವಿನ ಹೆಸರು ಬರುವುದಿಲ್ಲ, ಒಂದು ಸಂಕೇತ ಸಂಖ್ಯೆ ಮಾತ್ರ ಇರುತ್ತದೆ. ತೊಗರಿ ರಾಶಿ ಮುಗಿದು ಫೆಬ್ರವರಿ ಬಂದಿರುವುದರಿಂದ ಇಲ್ಲಿಯವರೆಗೆ ಕಂಡದ್ದನ್ನು ದಾಖಲಿಸುತ್ತಿದ್ದೇನೆ.

ಈ ಭಾಗದ ಶಿಕ್ಷಣದ ಮಾತು ಬಂದಾಗಲೆಲ್ಲ ಕೆಲವೇ ಅಂಕಿಗಳು ಮುಂದೆ ಬರುತ್ತವೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83 ಮಾತ್ರ ಇತ್ತು, ಅದು ರಾಜ್ಯದಲ್ಲೇ ಕನಿಷ್ಠ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿಯೂ 2025ರಲ್ಲಿ ಕಲಬುರಗಿಯೂ ಕೊನೆಯ ಸ್ಥಾನದಲ್ಲಿದ್ದವು. ಫಲಿತಾಂಶ ಪ್ರಕಟವಾದ ಒಂದು ವಾರ ಪ್ರೌಢಶಾಲೆಗಳ ಮೇಲೆ ಬೈಗುಳದ ಮಳೆ ಸುರಿಯುತ್ತದೆ, ಆಮೇಲೆ ಎಲ್ಲವೂ ತಣ್ಣಗಾಗುತ್ತದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗುವ ಹುಡುಗನ ಕಲಿಕೆ ಎಲ್ಲಿ ಕಡಿದುಹೋಯಿತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಎಲ್ಲಿಗೆ ತಲುಪುತ್ತೇವೆ ಎಂಬುದು ನಮ್ಮ ಕುತೂಹಲ. ಇಲ್ಲಿಯವರೆಗಿನ ಓದು ನಮ್ಮನ್ನು ನಾಲ್ಕನೆಯ ತರಗತಿಯ ಬಾಗಿಲಿಗೆ ತಂದು ನಿಲ್ಲಿಸಿದೆ.

ವಿಧಾನವನ್ನು ಸ್ವಲ್ಪ ವಿವರಿಸಬೇಕು. ತಿಂಗಳ ಕೊನೆಗೆ ಶಾಲೆ ಲೆಕ್ಕಹಾಕುವ ಸರಾಸರಿ ಹಾಜರಿಯಿಂದ ನಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಹತ್ತು ಮಕ್ಕಳು ತಲಾ ಎರಡು ದಿನ ತಪ್ಪಿಸಿಕೊಂಡರೂ ಒಂದು ಮಗು ಇಪ್ಪತ್ತು ದಿನ ಬಾರದಿದ್ದರೂ ಸರಾಸರಿಯಲ್ಲಿ ವ್ಯತ್ಯಾಸ ಕಾಣದು, ಆದರೆ ಕಲಿಕೆಯ ಮಟ್ಟಿಗೆ ಇವೆರಡಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ನಾವು ಎಣಿಸುತ್ತಿರುವುದು ಸತತ ಗೈರುಹಾಜರಿಯ ಉದ್ದವನ್ನು. ಸಂತೆ, ಜಾತ್ರೆ, ಜ್ವರಗಳಿಂದಾಗುವ ಬಿಡಿ ದಿನಗಳನ್ನು ಒಂದು ಕಡೆ, ಸುಗ್ಗಿಯ ಕೆಲಸದಿಂದ ಒಂದೆರಡು ವಾರ ತಪ್ಪುವುದನ್ನು ಇನ್ನೊಂದು ಕಡೆ, ತಂದೆತಾಯಿಗಳೊಂದಿಗೆ ಗುಳೆ, ಅಂದರೆ ಕೂಲಿಗಾಗಿ ವಲಸೆ, ಹೋಗಿ ತಿಂಗಳುಗಟ್ಟಲೆ ಬಾರದಿರುವುದನ್ನು ಮತ್ತೊಂದು ಕಡೆ ಬರೆದುಕೊಳ್ಳುತ್ತೇವೆ. ಬೆಳಗಿನ ಹಾಜರಿಯನ್ನು ಮಧ್ಯಾಹ್ನದ ಹಾಜರಿಯ ಜೊತೆಗೂ, ಎರಡನ್ನೂ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ) ದಿನವಹಿಯಲ್ಲಿ ಬರೆದ ಊಟದ ಸಂಖ್ಯೆಯ ಜೊತೆಗೂ ಹೋಲಿಸುತ್ತೇವೆ. ಬಿಸಿಯೂಟದ ಲೆಕ್ಕ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಮೊದಲು ಅನಿಸಿರಲಿಲ್ಲ. ಯಾದಗಿರಿ ಜಿಲ್ಲೆಯ ಶಾಲೆಯೊಂದರಲ್ಲಿ ಹತ್ತಿ ಬಿಡಿಸುವ ವಾರಗಳಲ್ಲಿ ಊಟದವರೆಗೆ ಇರುವ ದೊಡ್ಡ ತರಗತಿಯ ಹುಡುಗಿಯರು ಆನಂತರದ ಹಾಜರಿಯಲ್ಲಿ ಇಲ್ಲದಿರುವುದು ಈ ಹೋಲಿಕೆಯಿಂದಲೇ ಗೊತ್ತಾಯಿತು.

ಬೆಳೆಯ ಲೆಕ್ಕ ಹಾಜರಿ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಸರು, ಉದ್ದು ಕಟಾವಿಗೆ ಬರುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಣ್ಣ ಇಳಿಕೆ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಕೆಲಸ ದಸರೆಯ ನಂತರ ಆರಂಭವಾಗಿ ಜನವರಿವರೆಗೆ ನಡೆಯುವುದರಿಂದ ಅಲ್ಲಿನ ಇಳಿಕೆ ಆಳವಿಲ್ಲದಿದ್ದರೂ ಉದ್ದವಾದದ್ದು. ಕಲಬುರಗಿಯ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೈಗೆ ಬರುತ್ತದೆ. ಆಗ ಒಂದೆರಡು ವಾರ ಐದರಿಂದ ಏಳನೆಯ ತರಗತಿಯ ಹುಡುಗಿಯರು ವಿಶೇಷವಾಗಿ ಕಡಿಮೆಯಾಗುತ್ತಾರೆ. ಅವರಲ್ಲಿ ಹೆಚ್ಚಿನವರು ತೊಗರಿ ಕೊಯ್ಯಲು ಹೋಗುವವರಲ್ಲ. ತಾಯಿ ಹೊಲಕ್ಕೆ ಹೋದಾಗ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರು. ಕೊಯ್ಲಿನ ಯಂತ್ರ ಬಂದ ಊರಿನಲ್ಲಿ ಈ ಇಳಿಕೆ ಕಡಿಮೆಯಿರುವಂತೆ ತೋರುತ್ತದೆ, ಆದರೆ ಒಂದು ಶಾಲೆಯ ಒಂದು ಸುಗ್ಗಿಯನ್ನು ನೋಡಿ ಅಂಥ ತೀರ್ಮಾನಕ್ಕೆ ಬರುವುದು ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಶೋಭಿಸುವುದಿಲ್ಲ.

ಗುಳೆಯ ವಿಷಯವೇ ಬೇರೆ. ದೀಪಾವಳಿ ಮುಗಿಯುತ್ತಿದ್ದಂತೆ ಕೆಲವು ತಾಂಡಾಗಳಿಂದ (ಲಂಬಾಣಿ ಜನರ ವಸತಿಗಳಿಂದ) ಮತ್ತು ನೀರಾವರಿಯಿಲ್ಲದ ಊರುಗಳಿಂದ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಇಲ್ಲವೇ ಕಬ್ಬು ಕಡಿಯುವ ಕೆಲಸಕ್ಕೆ ಹೊರಡುತ್ತವೆ. ಮುಂಗಡ ಪಡೆದವರು ಯುಗಾದಿಯವರೆಗೆ ಮರಳುವುದು ಕಷ್ಟ. ಅಜ್ಜಿ ಗಟ್ಟಿಮುಟ್ಟಾಗಿದ್ದರೆ ಮಗು ಊರಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ತಂದೆತಾಯಿಯ ಜೊತೆ ಹೋಗುತ್ತದೆ. ‘ನಾ ಒಬ್ಬಾಕಿ ಎಷ್ಟಂತ ನೋಡ್ಲಿರಿ ಸರ್, ಸಣ್ಣವ ಇಲ್ಲೇ ಅದಾನ, ದೊಡ್ಡಾಕಿ ಅವ್ವನ ಕೂಡ ಹೋಗ್ಯಾಳ’ ಎಂದು ಅಜ್ಜಿಯೊಬ್ಬರು ಹೇಳಿದರು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಯಾರು ಶಾಲೆಯಲ್ಲಿ ಉಳಿಯುತ್ತಾರೆ ಎಂಬುದನ್ನು ಈ ಲೆಕ್ಕಾಚಾರ ನಿರ್ಧರಿಸುತ್ತದೆ. ವಲಸೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ನಾವು ನೋಡುತ್ತಿರುವ ಊರುಗಳಲ್ಲಿ ಮಾತ್ರ ಮಕ್ಕಳು ಉಳಿದಿರುವುದು ಅಜ್ಜಿಯರ ಬಲದಿಂದ.

ಈಗ ನಾಲ್ಕನೆಯ ತರಗತಿಯ ವಿಷಯ. ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯಾದ್ಯಂತ ಬಂದಿತು. ಇದರಲ್ಲಿ ಪಾಠಗಳ ಬದಲು ಕಾರ್ಡುಗಳಿವೆ. ಕಾರ್ಡುಗಳ ಕ್ರಮವನ್ನು ಗೋಡೆಯ ಮೇಲಿನ ಕಲಿಕಾ ಏಣಿ ತೋರಿಸುತ್ತದೆ. ಪ್ರತಿ ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಚಿತ್ರ ನೋಡಿ ಗುರುತಿಸಿಕೊಂಡು, ಅದಕ್ಕೆ ತಕ್ಕ ತಟ್ಟೆಯಲ್ಲಿ, ಅಂದರೆ ಶಿಕ್ಷಕರ ಅಥವಾ ಗೆಳೆಯರ ಬೆಂಬಲವಿರುವ, ಇಲ್ಲವೇ ಸ್ವತಃ ಕಲಿಯುವ ಗುಂಪಿನಲ್ಲಿ ಕೂರುತ್ತದೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿರುತ್ತಾರೆ. ನಲಿ-ಕಲಿಯ ಬಗ್ಗೆ ದೂರುಗಳು ಸಾಕಷ್ಟಿವೆ, ಕಾರ್ಡು ಹರಿದುಹೋಗಿವೆ, ದಾಖಲೆ ಬರೆಯುವುದೇ ಹೆಚ್ಚಾಯಿತು ಎಂದು ಶಿಕ್ಷಕರೇ ಹೇಳುತ್ತಾರೆ. ಆದರೂ ಗುಳೆ ಹೋದ ಮಗುವಿನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ನನಗೆ ಕಾಣುತ್ತಿಲ್ಲ. ನವೆಂಬರ್‌ನಲ್ಲಿ ಹೋದ ಮಗು ಮಾರ್ಚ್‌ನಲ್ಲಿ ಬಂದರೆ ಕಲಿಕೆಯನ್ನು ದಾಖಲಿಸುವ ಪ್ರಗತಿ ನೋಟದಲ್ಲಿ ತಾನು ಬಿಟ್ಟ ಮೆಟ್ಟಿಲು ಹಾಗೆಯೇ ಇರುತ್ತದೆ, ಅಲ್ಲಿಂದಲೇ ಮುಂದುವರಿಯಬಹುದು, ತರಗತಿ ತನ್ನನ್ನು ಬಿಟ್ಟು ಹೋಗಿದೆ ಎಂಬ ಅವಮಾನವಿಲ್ಲ. ನಾಲ್ಕನೆಯ ತರಗತಿಯಿಂದ ಪಠ್ಯಪುಸ್ತಕ, ಘಟಕ, ಪರೀಕ್ಷೆ ಆರಂಭವಾಗುತ್ತವೆ. ಅಲ್ಲಿ ಭಾಗಾಕಾರ ಕಲಿಸಿ ಮುಗಿದ ಮೇಲೆ ಮರಳಿ ಬಂದ ಮಗುವಿಗೆ ಕೂರಲು ಬೆಂಚು ಇರುತ್ತದೆ, ಕಲಿಯಲು ಜಾಗ ಇರುವುದಿಲ್ಲ.

ಕಳೆದ ಮೂರು ವರ್ಷಗಳ ಹಳೆಯ ಹಾಜರಿ ಪುಸ್ತಕಗಳನ್ನು ಇದೇ ಕಣ್ಣಿನಿಂದ ಓದಿದಾಗ ಒಂದು ಮಾದರಿ ಕಾಣಿಸಿತು. ಗುಳೆಯಿಂದ ಮರಳಿದ ಎರಡನೆಯ, ಮೂರನೆಯ ತರಗತಿಯ ಮಕ್ಕಳು ಬಹುಮಟ್ಟಿಗೆ ಬೇಸಿಗೆ ರಜೆಯವರೆಗೆ ದಿನವೂ ಬಂದಿದ್ದಾರೆ. ನಾಲ್ಕು, ಐದನೆಯ ತರಗತಿಯವರು ಮರಳಿದ ಮೇಲೂ ದಿನ ಬಿಟ್ಟು ದಿನ ಬಂದು, ಬಿಡಿ ಗೈರುಹಾಜರಿಯ ಪಟ್ಟಿಗೆ ಸೇರಿಕೊಂಡಿದ್ದಾರೆ. ಆರು ಶಾಲೆಗಳಿಂದ ಕಾರಣವನ್ನು ಸಾಬೀತುಮಾಡಲಾಗದು. ದೊಡ್ಡ ಮಗುವಿಗೆ ಮನೆಗೆಲಸ ಹೆಚ್ಚು ಎಂಬುದೂ ಕಾರಣವಿರಬಹುದು. ಹೀಗಿದ್ದರೂ ಮಗು ಏಕೆ ಹೋಯಿತು ಎಂಬ ಪ್ರಶ್ನೆಯ ಮೇಲೆ ಇಷ್ಟು ದಿನ ವ್ಯಯಿಸಿದ ಶ್ರಮದಲ್ಲಿ ಅರ್ಧವನ್ನಾದರೂ ಅದು ಮರಳಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಮೀಸಲಿಡಬೇಕೆಂದು ನಾವು ಮೂವರೂ ಒಪ್ಪಿದ್ದೇವೆ.

ಶಿಕ್ಷಕರಲ್ಲಿ ಇದನ್ನು ತಾವಾಗಿಯೇ ಕಂಡುಕೊಂಡವರಿದ್ದಾರೆ. ಆಳಂದ ತಾಲ್ಲೂಕಿನ ಶಿಕ್ಷಕಿಯೊಬ್ಬರು ನಾಲ್ಕನೆಯ ತರಗತಿಯ ಗುಳೆ ಮಕ್ಕಳಿಗಾಗಿ ಪ್ರತ್ಯೇಕ ನೋಟ್‌ಬುಕ್ ಇಟ್ಟು, ಹೊರಡುವ ದಿನ ಗಣಿತದಲ್ಲಿ ಮತ್ತು ಕನ್ನಡದಲ್ಲಿ ಮಗು ಎಲ್ಲಿತ್ತು ಎಂದು ಎರಡು ಸಾಲು ಬರೆದಿಡುತ್ತಾರೆ. ಮರಳಿದಾಗ ಪಾಠ ಆ ಸಾಲಿನಿಂದ ಆರಂಭ. ಪಠ್ಯಪುಸ್ತಕಗಳನ್ನೂ ಮಗುವಿನ ಜೊತೆಗೇ ಕಳುಹಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಬೇರೆ ಊರಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದನ್ನೂ ಅವರು ಪೋಷಕರಿಗೆ ಹೇಳಿ ಕಳುಹಿಸುತ್ತಾರೆ. ಪುಣೆಯ ಮರಾಠಿ ಶಾಲೆಯಲ್ಲಿ ಗೋರ್‌ಬೋಲಿ (ಲಂಬಾಣಿ ನುಡಿ) ಮನೆಮಾತಿನ, ಕನ್ನಡದಲ್ಲಿ ಓದಲು ಕಲಿತ ಮಗು ಏನು ಮಾಡಬೇಕು ಎಂಬುದಕ್ಕೆ ಆ ಸೆಕ್ಷನ್‌ನಲ್ಲಿ ಉತ್ತರವಿಲ್ಲ. ಇಂಥ ನೋಟ್‌ಬುಕ್ ಎಲ್ಲ ಶಾಲೆಗಳಲ್ಲೂ ಏಕಿಲ್ಲ ಎಂದು ಕೇಳುವುದು ಸುಲಭ, ಆದರೆ ಖಾಲಿ ಹುದ್ದೆಗಳ ನಡುವೆ ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲಿ ನವೆಂಬರ್‌ನ ಶಿಕ್ಷಕರೇ ಮುಂದಿನ ಜೂನ್‌ನಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಉಳಿದವರು ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ, ನಡುವೆ ಮತದಾರರ ಪಟ್ಟಿಯನ್ನೂ ಸಮೀಕ್ಷೆಯನ್ನೂ ನೋಡಿಕೊಳ್ಳಬೇಕು.

ನಡುವೆ ಬೀದರ್ ಜಿಲ್ಲೆಯ ಹಳೆಯ ಶಾಲೆಯೊಂದರ ದಾಖಲಾತಿ ವಹಿ ನೋಡುವ ಅವಕಾಶ ಸಿಕ್ಕಿತು. ಅದು ನಮ್ಮ ಆರು ಶಾಲೆಗಳ ಲೆಕ್ಕಕ್ಕೆ ಸೇರಿದ್ದಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ. ನಿಜಾಮರ ಆಡಳಿತದ ಕಾಲದ ಪುಟಗಳು ಉರ್ದುವಿನಲ್ಲಿವೆ, ದಿನಾಂಕಗಳು ಆಗಿನ ಕಂದಾಯ ಲೆಕ್ಕದ ಫಸಲಿ ವರ್ಷದಲ್ಲಿವೆ. ಉರ್ದು ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಅವನ್ನು ಓದಿ ಹೇಳಿದರು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ಹಾಗಾಗಿ ಫಸಲಿ 1350ರ ದಾಖಲಾತಿ ಎಂದರೆ 1940-41ರದು. ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರ್‌ನಲ್ಲಿ, ಆಜುರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಆ ವಹಿಯಲ್ಲೂ ‘ಶಾಲೆ ಬಿಟ್ಟ ದಿನಾಂಕ’ದ ಕಾಲಂನಲ್ಲಿ ಹಿಂಗಾರಿನ ತಿಂಗಳುಗಳೇ ಮತ್ತೆ ಮತ್ತೆ ಬರುತ್ತವೆ. ಎಣಿಕೆ ಪೂರ್ಣಗೊಳಿಸಲು ಆ ನಿವೃತ್ತ ಶಿಕ್ಷಕರ ಬಿಡುವಿಗಾಗಿ ಕಾಯಬೇಕು.

ಮುಂದಿನ ಕೆಲಸ ಯುಗಾದಿಯ ಆಸುಪಾಸಿನದು. ಗುಳೆಯಿಂದ ಮರಳುವ ಪ್ರತಿ ಮಗುವಿನ ಮೊದಲ ಎರಡು ವಾರಗಳ ಹಾಜರಿಯನ್ನು ಬೆಳಗು ಮತ್ತು ಮಧ್ಯಾಹ್ನ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಆಳಂದದ ನೋಟ್‌ಬುಕ್ಕಿನ ಮಾದರಿಯನ್ನು ಇನ್ನೆರಡು ಶಾಲೆಗಳ ನಾಲ್ಕನೆಯ ತರಗತಿಯ ಶಿಕ್ಷಕರು ಮುಂದಿನ ದೀಪಾವಳಿಯಿಂದ ಬಳಸಿ ನೋಡಲು ಒಪ್ಪಿದ್ದಾರೆ. ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ ಆರಂಭವಾಗುವ ಮುನ್ನವೇ ಹಾಜರಿ ಪುಸ್ತಕಗಳ ಕೊನೆಯ ಪುಟಗಳ ನಕಲು ತೆಗೆದುಕೊಳ್ಳಬೇಕು, ಏಕೆಂದರೆ ಆಮೇಲೆ ಅವು ಮುಖ್ಯ ಗುರುಗಳ ಬೀರುವಿನೊಳಗೆ ಸೇರಿ ಶಾಲೆ ಮತ್ತೆ ತೆರೆಯುವವರೆಗೆ ಸಿಗುವುದಿಲ್ಲ.