ಪೋರ್ಟ್‌ಲೆಂಡ್‌ಗೆ ಹೋಗ್ತಿದ್ದೀರಾ? ಡೋನಟ್‌ಗೂ ಒಂದು ದಿನ ಇಟ್ಟುಕೊಳ್ಳಿ

ಅಮೆರಿಕದ ಪಶ್ಚಿಮ ಕರಾವಳಿಗೆ ಹೋದವರು ಸಿಯಾಟಲ್ ನೋಡ್ತಾರೆ, ಸ್ಯಾನ್ ಫ್ರಾನ್ಸಿಸ್ಕೋ ನೋಡ್ತಾರೆ, ನಡುವೆ ಇರುವ ಪೋರ್ಟ್‌ಲೆಂಡನ್ನು ಬಿಟ್ಟು ಬರ್ತಾರೆ. ಸಿಹಿ ಇಷ್ಟಪಡುವವರು ಹಾಗೆ ಮಾಡಬೇಡಿ. ಸಿಹಿಗೆ ಉಪ್ಪು, ಖಾರ, ಚೀಸ್, ಎಣ್ಣೆ ಸೇರಿಸಿ ಇಷ್ಟು ಧೈರ್ಯವಾಗಿ ಆಟ ಆಡುವ ಊರನ್ನು ನಾನು ಬೇರೆಲ್ಲೂ ನೋಡಿಲ್ಲ.

ಓಡಾಟ ಸುಲಭ. ಏರ್‌ಪೋರ್ಟ್‌ನಿಂದ ಮ್ಯಾಕ್ಸ್ ರೈಲಿನ ರೆಡ್ ಲೈನ್ ನೇರವಾಗಿ ಊರೊಳಗೆ ಬರುತ್ತದೆ. ಒಂದು ಟಿಕೆಟ್ ಎರಡೂವರೆ ಗಂಟೆ ನಡೆಯುತ್ತದೆ, ಅಷ್ಟರೊಳಗೆ ಬಸ್ಸಿಗೂ ಹತ್ತಬಹುದು. ಓರೆಗಾನ್ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಹಾಗಾಗಿ ಬೋರ್ಡಿನಲ್ಲಿ ಬರೆದ ಬೆಲೆಯೇ ಬಿಲ್ಲಿಗೂ ಬರುತ್ತದೆ. ಟಿಪ್ಸ್ ಮಾತ್ರ ಬೇರೆ.

ಎಲ್ಲರೂ ಮೊದಲು ಓಡುವುದು ಓಲ್ಡ್ ಟೌನ್‌ನ ವೂಡೂ ಡೋನಟ್‌ಗೆ. 2003ರಲ್ಲಿ ಶುರುವಾದ ಅಂಗಡಿ, ಗುಲಾಬಿ ಡಬ್ಬ, ಹೊರಗೆ ಸಾಲು. ಅವರ ಹೆಸರುವಾಸಿ ಐಟಂ ಬೇಕನ್ ಮೇಪಲ್ ಬಾರ್: ಉದ್ದನೆಯ ಮೆತ್ತನೆ ಡೋನಟ್, ಮೇಲೆ ಮೇಪಲ್ ಸಿರಪ್ಪಿನ ಲೇಪ, ಅದರ ಮೇಲೆ ಹುರಿದ ಹಂದಿಮಾಂಸದ ಪಟ್ಟಿ. ನಾನು ಮಾಂಸ ತಿನ್ನಲ್ಲ, ಜೊತೆಯಲ್ಲಿದ್ದ ಗೆಳೆಯ ತಿಂದ. ಮೊದಲ ಎರಡು ತುತ್ತು ಬಹಳ ಚೆನ್ನಾಗಿದೆ, ಆಮೇಲೆ ಸಿಹಿ ಮುಖಕ್ಕೆ ಹೊಡೆಯುತ್ತದೆ ಅಂದ. ನಾನು ತೆಗೆದುಕೊಂಡಿದ್ದು ಗೊಂಬೆ ಆಕಾರದ್ದು, ಹೊಟ್ಟೆಗೆ ಉಪ್ಪುಪ್ಪಾದ ಪ್ರೆಟ್ಜೆಲ್ ಕಡ್ಡಿ ಚುಚ್ಚಿರುತ್ತಾರೆ, ಒಳಗಡೆ ರಾಸ್ಪ್‌ಬೆರಿ ಜೆಲ್ಲಿ. ಮಕ್ಕಳಿಗೆ ಖಂಡಿತ ಖುಷಿಯಾಗುತ್ತದೆ. ಆದರೆ ಇಲ್ಲಿ ಒಬ್ಬರಿಗೆ ಒಂದರಂತೆ ತಗೋಬೇಡಿ, ಒಂದನ್ನು ಇಬ್ಬರು ಹಂಚಿಕೊಳ್ಳಿ. ಹೊಟ್ಟೆ ಇಲ್ಲೇ ತುಂಬಿಬಿಟ್ಟರೆ ಮುಂದಿನದು ಕೈತಪ್ಪುತ್ತದೆ, ಮುಂದಿನದೇ ಅಸಲಿ ವಿಷಯ.

ಅದು ಊರಿನ ಈಶಾನ್ಯ ಭಾಗದ ಫ್ರೀಮಾಂಟ್ ರಸ್ತೆಯಲ್ಲಿರುವ ಪಿಪ್ಸ್. ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ ಬೆಳಗ್ಗೆ ಮೊದಲು ಇಲ್ಲಿಗೇ ಹೋಗಿ, 24ನೇ ನಂಬರ್ ಬಸ್ಸು ಆ ರಸ್ತೆಯಲ್ಲೇ ಹೋಗುತ್ತದೆ. ಎರಡು ತುತ್ತಿಗೆ ಮುಗಿಯುವಷ್ಟು ಪುಟ್ಟ ಡೋನಟ್‌ಗಳು, ನೀವು ಹೇಳಿದ ಮೇಲೆಯೇ ಎಣ್ಣೆಗೆ ಬಿಡುತ್ತಾರೆ. ಜೇನುತುಪ್ಪ ಮತ್ತು ಸಮುದ್ರದ ಉಪ್ಪಿನದನ್ನೇ ಕೇಳಿ. ಬಿಸಿ ಡೋನಟ್ ಮೇಲೆ ಬಿದ್ದ ಜೇನು ತೆಳ್ಳಗಾಗಿ ಅಂಚಿನಿಂದ ಇಳಿಯುತ್ತಿರುತ್ತದೆ, ಉಪ್ಪಿನ ಹರಳು ಮಾತ್ರ ಇನ್ನೂ ಕರಗಿರಲ್ಲ, ಹಲ್ಲಿಗೆ ಕರಕ್ ಅಂತ ಸಿಗುತ್ತದೆ, ಆ ಕ್ಷಣಕ್ಕೆ ಜೇನು ಇನ್ನೂ ಸಿಹಿ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಚಿಟಿಕೆ ಉಪ್ಪು ಹಾಕ್ತಾರಲ್ವಾ, ಅದೇ ಲೆಕ್ಕ. ಸ್ವಲ್ಪವೇ ಉಪ್ಪು ನಾಲಿಗೆಗೆ ಕಹಿ ತಟ್ಟದಂತೆ ತಡೆಯುತ್ತದೆ, ಸಿಹಿ ಮುಂದಕ್ಕೆ ಬರುತ್ತದೆ. ಜಾಸ್ತಿಯಾದರೆ ಬರೀ ಉಪ್ಪೇ. ಇಲ್ಲಿಯವರಿಗೆ ಆ ಅಳತೆ ಗೊತ್ತು. ಜೊತೆಗೆ ಅವರೇ ಮಸಾಲೆ ಹಾಕಿ ಮಾಡುವ ಚಹಾ ಇದೆ, ಒಂದೇ ಬೇಡ ಅಂದರೆ ಸಣ್ಣ ಸಣ್ಣ ಲೋಟದಲ್ಲಿ ಬೇರೆ ಬೇರೆ ರುಚಿ ತರಿಸಿಕೊಳ್ಳಬಹುದು. ಪಾರ್ಸೆಲ್ ಕಟ್ಟಿಸಿಕೊಳ್ಳಬೇಡಿ. ಹತ್ತು ನಿಮಿಷ ಕಳೆದರೆ ಅದು ಬೇರೆ ತಿಂಡಿ.

ಬ್ಲೂ ಸ್ಟಾರ್ ಇನ್ನೊಂದು ಥರ. ಅವರದು ಬ್ರಿಯೋಶ್ ಹಿಟ್ಟು, ಅಂದರೆ ಬೆಣ್ಣೆ, ಮೊಟ್ಟೆ ಧಾರಾಳ. ಬ್ಲೂಬೆರಿ ಬರ್ಬನ್ ಬೇಸಿಲ್ ಅನ್ನುವುದನ್ನು ತಿಂದು ನೋಡಿ, ತುಳಸಿ ಜಾತಿಯ ಆ ಎಲೆಯ ಘಮ ಕೊನೆಗೆ ಬರುತ್ತದೆ. ಹೆಸರಿನಲ್ಲೇ ಇರುವ ಹಾಗೆ ಬರ್ಬನ್ ವಿಸ್ಕಿ ಸೇರಿದೆ, ಬೇಡ ಅನ್ನುವವರು ಮೊದಲೇ ಗಮನಿಸಿ.

ಸಂಜೆಗೆ ಸಾಲ್ಟ್ ಆಂಡ್ ಸ್ಟ್ರಾ ಐಸ್‌ಕ್ರೀಮ್. 2011ರಲ್ಲಿ ಕಿಮ್ ಮತ್ತು ಟೈಲರ್ ಮಾಲೆಕ್ ಎಂಬ ಕಸಿನ್‌ಗಳು ತಳ್ಳುಗಾಡಿಯಲ್ಲಿ ಶುರು ಮಾಡಿದ್ದು. ವಾಯವ್ಯ ಭಾಗದ 23ನೇ ಅವೆನ್ಯೂ ಅಂಗಡಿ ಹತ್ತಿರಕ್ಕೆ ಸ್ಟ್ರೀಟ್‌ಕಾರ್ ಹೋಗುತ್ತದೆ. ಸಾಲು ಉದ್ದ ಇದ್ದರೂ ನಿಲ್ಲಿ, ಯಾಕೆಂದರೆ ಒಳಗೆ ಎಷ್ಟು ರುಚಿ ಬೇಕಾದರೂ ಚಮಚದಲ್ಲಿ ಕೊಡ್ತಾರೆ, ಸಂಕೋಚ ಬೇಡ. ಪೇರ್ ಹಣ್ಣು ಮತ್ತು ಬ್ಲೂ ಚೀಸ್ ಸೇರಿಸಿದ್ದು ಮೊದಲ ಚಮಚಕ್ಕೆ ಹುಬ್ಬೇರಿಸುವಂತೆ ಮಾಡುತ್ತದೆ, ಎರಡನೆಯದಕ್ಕೆ ಒಗ್ಗಿಹೋಗುತ್ತದೆ. ನನಗೆ ಅದಕ್ಕಿಂತಲೂ ಆಲಿವ್ ಎಣ್ಣೆಯ ಐಸ್‌ಕ್ರೀಮ್ ಇಷ್ಟವಾಯಿತು. ಗಂಟಲಲ್ಲಿ ಸಣ್ಣಗೆ ಹಸಿರು ಘಾಟು, ನಾಲಿಗೆ ಮೇಲೆ ರೇಷ್ಮೆ.

ಸಸ್ಯಾಹಾರಿಗಳು ಪ್ರತಿ ಕಡೆ ಬಾಯಿ ಬಿಟ್ಟು ಕೇಳಬೇಕು. ಡೋನಟ್ ಹಿಟ್ಟಿಗೆ ಮೊಟ್ಟೆ ಸಾಮಾನ್ಯ. ಮಾರ್ಷ್‌ಮ್ಯಾಲೋ ಇದ್ದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಇರಬಹುದು, ಕೆಲವು ಚೀಸ್‌ಗೆ ಹಾಲು ಗಟ್ಟಿಯಾಗಲೆಂದು ಪ್ರಾಣಿಜನ್ಯ ರೆನೆಟ್ ಹಾಕಿರುತ್ತಾರೆ. ಕರಿಯುವ ಎಣ್ಣೆ ಯಾವುದು ಅಂತಲೂ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮೊಟ್ಟೆಯೂ ಬೇಡ ಅನ್ನುವವರಿಗೆ ವೂಡೂನಲ್ಲಿ ವೀಗನ್ ಡೋನಟ್‌ಗಳು ಬೇರೆಯೇ ಇವೆ.

ಉಳಿದ ಡೋನಟ್‌ಗಳನ್ನು ರೂಮಿನ ಫ್ರಿಜ್‌ನಲ್ಲಿ ಇಡಬೇಡಿ, ತಣ್ಣಗೆ ಇಟ್ಟರೆ ಹಿಟ್ಟು ಬೇಗ ಒರಟಾಗುತ್ತದೆ. ಡಬ್ಬ ಮುಚ್ಚಿ ಹೊರಗೇ ಇಡಿ, ಮಾರನೆಯ ಬೆಳಗ್ಗೆ ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡ್ ಸಾಕು. ಕ್ರೀಮ್ ತುಂಬಿದ್ದನ್ನು ಮಾತ್ರ ಹಾಗೆ ಇಡೋ ಹಾಗಿಲ್ಲ, ಅದನ್ನು ಅವತ್ತೇ ಮುಗಿಸಿ.