ಎರಡನೆಯ ಚರಣ ಸ್ಪ್ಯಾನಿಶ್‌ನಲ್ಲಿ: ಟೆಕ್ಸಾಸಿನ ಫ್ರೆಡ್ಡಿ ಫೆಂಡರ್

ಹ್ಯೂಸ್ಟನ್ನಿನಲ್ಲಿ ನೆಲೆಸಿದವರ ಕಿವಿಗೆ ತೆಹಾನೋ ಸಂಗೀತ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಮನೆಗೆ ಬಣ್ಣ ಬಳಿಯಲು ಬಂದವರ ರೇಡಿಯೋದಲ್ಲಿ, ಟಾಕೊ ಅಂಗಡಿಯ ಸ್ಪೀಕರಿನಲ್ಲಿ, ಭಾನುವಾರ ಪಾರ್ಕಿನಲ್ಲಿ ನಡೆಯುವ ಮಕ್ಕಳ ಹುಟ್ಟುಹಬ್ಬಗಳಲ್ಲಿ ಅದು ಕೇಳಿಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ ಮತ್ತು ಚೆಕ್ ವಲಸಿಗರ ಅಕಾರ್ಡಿಯನ್ ಹಾಗೂ ಪೋಲ್ಕಾ ಕುಣಿತದ ನಡೆ, ಮೆಕ್ಸಿಕೋ ಮೂಲದ ಟೆಕ್ಸಾಸಿಗರ ಗಿಟಾರನ್ನು ಹೋಲುವ ಹನ್ನೆರಡು ತಂತಿಗಳ ಬಾಹೋ ಸೆಕ್ಸ್ತೋ ವಾದ್ಯ ಮತ್ತು ಅವರ ಸ್ಪ್ಯಾನಿಶ್ ಹಾಡುಗಳೊಡನೆ ಬೆರೆತು ಈ ಸಂಗೀತ ಹುಟ್ಟಿತು. ಗಾಳಿಯೊತ್ತಿಗೆ ಲೋಹದ ಪಟ್ಟಿಗಳು ಕಂಪಿಸಿ ನುಡಿಯುವ ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ದಾಯಾದಿಯೇ ಆದ್ದರಿಂದ, ಕಂಪನಿ ನಾಟಕದ ಹಾಡುಗಳನ್ನು ಕೇಳಿ ಬೆಳೆದವರಿಗೆ ಅದರ ದನಿ ಪರಕೀಯವೆನಿಸುವುದಿಲ್ಲ. ಈ ಸಂಗೀತದ ದೊಡ್ಡ ಹೆಸರುಗಳಲ್ಲಿ ಗಾಯಕಿ ಸೆಲೀನಾ ಅವರನ್ನು ನಮ್ಮ ಕರ್ನಾಟಕದಲ್ಲಿಯೂ ಕೆಲವರು ಬಲ್ಲರು. ನಾನು ಬರೆಯಬೇಕೆಂದಿರುವುದು ಅವರಿಗಿಂತ ಒಂದು ತಲೆಮಾರು ಹಿಂದಿನ ಫ್ರೆಡ್ಡಿ ಫೆಂಡರ್ ಅವರ ಬಗ್ಗೆ. ಅವರು ರಾಕ್ ಅಂಡ್ ರೋಲ್ ಮತ್ತು ಕಂಟ್ರಿ ಸಂಗೀತವನ್ನೂ ಹಾಡಿದವರಾದ್ದರಿಂದ ಅವರನ್ನು ತೆಹಾನೋ ಗಾಯಕರೆಂದು ಕರೆಯಲು ಒಪ್ಪದವರೂ ಇದ್ದಾರೆ. ಆದರೆ ಅವರು ಯಾವ ಧಾಟಿಯಲ್ಲಿ ಹಾಡಿದರೂ ದನಿಯಲ್ಲಿ ಮೆಕ್ಸಿಕೋ ಗಡಿನಾಡೇ ಕೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಅವರ ಹುಟ್ಟುಹೆಸರು ಬಾಲ್ದೆಮಾರ್ ಹುಎರ್ತಾ. ಮೆಕ್ಸಿಕೋ ಗಡಿಗೆ ಹತ್ತಿರದ ಸಾನ್ ಬೆನಿಟೊ ಎಂಬ ಸಣ್ಣ ಊರಿನಲ್ಲಿ 1937ರ ಜೂನ್ 4ರಂದು ಜನಿಸಿದರು. ಮನೆಯವರು ಹೊಲಗೂಲಿಗಳು. ಬೇಸಾಯದ ಕಾಲ ಬಂದೊಡನೆ ಇಡೀ ಸಂಸಾರ ಉತ್ತರಕ್ಕೆ ಗುಳೆ ಹೊರಡುತ್ತಿತ್ತು. ಮಿಷಿಗನ್ನಿನಲ್ಲಿ ಬೀಟ್‌ರೂಟ್, ಒಹಾಯೊದಲ್ಲಿ ಸೌತೆ, ಇಂಡಿಯಾನಾದಲ್ಲಿ ಟೊಮ್ಯಾಟೊ, ಕೊನೆಗೆ ಅರ್ಕನ್ಸಾದಲ್ಲಿ ಹತ್ತಿ ಬಿಡಿಸಿ ಊರಿಗೆ ಮರಳುತ್ತಿದ್ದರು. ಹತ್ತಿ ಹೊಲದಲ್ಲಿ ಕರಿಯ ಕೂಲಿಕಾರರು ಹಾಡುತ್ತಿದ್ದ ಬ್ಲೂಸ್, ಮನೆಯಲ್ಲಿ ಕೇಳುತ್ತಿದ್ದ ಮೆಕ್ಸಿಕನ್ ಹಾಡು, ಇವೆರಡೂ ಹುಡುಗನ ಕಿವಿಯಲ್ಲಿ ಒಟ್ಟಿಗೆ ಬೆಳೆದವು. ಹತ್ತನೆಯ ವಯಸ್ಸಿಗೆ ಪಕ್ಕದ ಹಾರ್ಲಿಂಜೆನ್ ಊರಿನ ರೇಡಿಯೋದಲ್ಲಿ ಹಾಡಿದ ಬಾಲ್ದೆಮಾರ್ ಹದಿನಾರಕ್ಕೆ ಶಾಲೆ ಬಿಟ್ಟು ನೌಕಾಪಡೆಯ ಮರೀನ್ ದಳ ಸೇರಿದರು. ಅಲ್ಲಿ ಅವರು ಬಹಳ ಕಾಲ ಉಳಿಯಲಿಲ್ಲ.

1957ರಲ್ಲಿ 'ಎಲ್ ಬೀಬಾಪ್ ಕಿಡ್' ಎಂಬ ಹೆಸರಿನಲ್ಲಿ ಎಲ್ವಿಸ್ ಪ್ರೆಸ್ಲಿಯವರ ಒಂದು ಹಾಡನ್ನು ಸ್ಪ್ಯಾನಿಶ್‌ಗೆ ತಂದು ಹಾಡಿದಾಗ ಅದು ಮೆಕ್ಸಿಕೋದಲ್ಲಿ ಮನೆಮಾತಾಯಿತು. ಅಮೆರಿಕದ ಬಿಳಿಯ ಕೇಳುಗರನ್ನು ತಲುಪಲು ಮಾತ್ರ ಬೇರೆ ಹೆಸರು ಬೇಕಿತ್ತು. ಗಿಟಾರ್ ತಯಾರಿಸುವ ಕಂಪನಿಯ ಹೆಸರಿನಿಂದ ಫೆಂಡರ್ ಎಂಬುದನ್ನು ಎತ್ತಿಕೊಂಡರು, ಅದಕ್ಕೆ ಒಪ್ಪುವಂತೆ ಫ್ರೆಡ್ಡಿ ಎಂದು ಜೋಡಿಸಿದರು. ಆ ಹೆಸರಿನಲ್ಲಿ ತಾವೇ ಬರೆದು 1959ರಲ್ಲಿ ಹಾಡಿದ 'ವೇಸ್ಟೆಡ್ ಡೇಸ್ ಅಂಡ್ ವೇಸ್ಟೆಡ್ ನೈಟ್ಸ್' ಗೆಲ್ಲತೊಡಗಿತ್ತು. ಅಷ್ಟರಲ್ಲಿ, 1960ರ ಮೇ ತಿಂಗಳಿನಲ್ಲಿ, ಲೂಯಿಸಿಯಾನದ ಬ್ಯಾಟನ್ ರೂಜಿನಲ್ಲಿ ಗಾಂಜಾ ಇಟ್ಟುಕೊಂಡಿದ್ದಕ್ಕೆ ಪೊಲೀಸರು ಅವರನ್ನು ಹಿಡಿದರು. ಹೆಚ್ಚುಕಡಿಮೆ ಮೂರು ವರ್ಷಗಳನ್ನು ಅವರು ಅಂಗೋಲಾ ಸೆರೆಮನೆಯಲ್ಲಿ ಕಳೆದರು. ಹಿಂದೆ ಗುಲಾಮರು ದುಡಿಯುತ್ತಿದ್ದ ತೋಟದ ಹೆಸರನ್ನೇ ಇಂದಿಗೂ ಹೊತ್ತಿರುವ ಜೈಲದು. ಹತ್ತಿ ಹೊಲದಿಂದ ಹಾಡಿನ ಬಲದ ಮೇಲೆ ಹೊರಬಂದಿದ್ದ ಯುವಕನೊಬ್ಬ, ಕೈದಿಗಳಿಂದ ಬೇಸಾಯ ಮಾಡಿಸುವ ಅಂಥ ನೆಲಕ್ಕೇ ಮರಳಬೇಕಾದದ್ದು ನನ್ನನ್ನು ಬಹಳ ಕಾಲ ಕಾಡಿದೆ.

ಬಿಡುಗಡೆಯಾದ ಮೇಲಿನ ಹತ್ತು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ನ್ಯೂ ಆರ್ಲಿಯನ್ಸಿನ ಕ್ಲಬ್ಬುಗಳಲ್ಲಿ ಹಾಡಿದರು, ಊರಿಗೆ ಬಂದು ಮೆಕ್ಯಾನಿಕ್ ಕೆಲಸ ಹಿಡಿದರು, ಶನಿವಾರ ಭಾನುವಾರ ಹಾಡಿದರು, ಕಾರ್ಪಸ್ ಕ್ರಿಸ್ಟಿಯ ಡೆಲ್ ಮಾರ್ ಕಾಲೇಜಿನಲ್ಲಿ ಓದಿದರು.

ನಂತರ ನಡೆದದ್ದು ನಾನಿರುವ ಹ್ಯೂಸ್ಟನ್ನಿನಲ್ಲಿಯೇ. ಹ್ಯೂಯಿ ಮೋ ಎಂಬ ನಿರ್ಮಾಪಕರು 'ಬಿಫೋರ್ ದ ನೆಕ್ಸ್ಟ್ ಟಿಯರ್‌ಡ್ರಾಪ್ ಫಾಲ್ಸ್' ಎಂಬ ಹಾಡನ್ನು 1974ರಲ್ಲಿ ಫೆಂಡರ್ ಅವರಿಂದ ಹಾಡಿಸಿದರು. ಅದು ಅವರು ಬರೆದ ಹಾಡಲ್ಲ, ಹೊಸ ಹಾಡೂ ಅಲ್ಲ. ಅದಕ್ಕೆ ಮುಂಚೆ ಹಲವರು ಹಾಡಿದ್ದರೂ ಅದು ದೊಡ್ಡ ಹೆಸರು ಮಾಡಿರಲಿಲ್ಲ. ನಿನ್ನನ್ನು ಅವನು ಸುಖವಾಗಿಟ್ಟರೆ ನಿಮಗೆ ಒಳ್ಳೆಯದಾಗಲಿ, ಮನಸ್ಸು ನೋಯಿಸಿದರೆ ನಾನಿದ್ದೇನೆ ಎಂಬುದು ಅದರ ತಿರುಳು. ಮೊದಲ ಚರಣವನ್ನು ಫೆಂಡರ್ ಇಂಗ್ಲಿಷ್‌ನಲ್ಲಿ, ಕಂಟ್ರಿ ಗಾಯಕರ ಮರ್ಯಾದೆಯಲ್ಲಿ ಹಾಡುತ್ತಾರೆ. ಪಲ್ಲವಿ ಮುಗಿದು ಎರಡನೆಯ ಸುತ್ತು ಬಂದಾಗ ಅದೇ ಮಾತನ್ನು ಸ್ಪ್ಯಾನಿಶ್‌ನಲ್ಲಿ ಎತ್ತಿಕೊಳ್ಳುತ್ತಾರೆ. ಅಲ್ಲಿಯವರೆಗೆ ಬಿಗಿಹಿಡಿದಿದ್ದ ದನಿ ಆಗ ಸಡಿಲಗೊಳ್ಳುತ್ತದೆ, ಸಾಲಿನ ಕೊನೆಯ ಸ್ವರಗಳು ನಡುಗುತ್ತವೆ, ಮೇಲಿನ ಸ್ಥಾಯಿಗೆ ಹೋದಲ್ಲಿ ಅಳುವಿಗೂ ಹಾಡಿಗೂ ನಡುವಿನ ಅಂತರ ಕಿರಿದಾಗುತ್ತದೆ. ಸ್ಪ್ಯಾನಿಶ್ ಬಾರದವರಿಗೂ ಅರ್ಥ ಆಗಲೇ ಗೊತ್ತಾಗಿರುವುದರಿಂದ, ಅವರು ಭಾವವನ್ನಷ್ಟೇ ಕೇಳಿಸಿಕೊಂಡರೆ ಸಾಕಾಗುತ್ತದೆ.

ಆ ಚರಣದ ತೂಕ ತಿಳಿಯಲು ಇಲ್ಲಿನ ಶಾಲೆಗಳ ಚರಿತ್ರೆಯೂ ಗೊತ್ತಿರಬೇಕು. 1918ರ ಕಾನೂನೊಂದು ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಅಪರಾಧವೆಂದು ಸಾರಿತ್ತು. ಅದು ರದ್ದಾದದ್ದು 1969ರಲ್ಲಿ. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಪೆಟ್ಟು ತಿಂದ ತಲೆಮಾರು ಇನ್ನೂ ನಡುವಯಸ್ಸಿನಲ್ಲಿದ್ದಾಗ, 1975ರಲ್ಲಿ, ಅದೇ ಭಾಷೆಯ ಚರಣವಿದ್ದ ಹಾಡು ಹಾಡುಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್‌ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿಯೂ ಪಾಪ್ ಪಟ್ಟಿಯಲ್ಲಿಯೂ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ 'ವೇಸ್ಟೆಡ್ ಡೇಸ್' ಹಾಡನ್ನು ಮತ್ತೆ ಹಾಡಿ ಧ್ವನಿಮುದ್ರಿಸಿದಾಗ ಅದೂ ಕಂಟ್ರಿ ಪಟ್ಟಿಯ ತುದಿ ಮುಟ್ಟಿತು. ಹೆಸರು ಬದಲಿಸಿಕೊಂಡರಷ್ಟೇ ಕೇಳುತ್ತೇವೆಂದಿದ್ದ ದೇಶ ಆ ಮನುಷ್ಯನ ತಾಯ್ನುಡಿಯನ್ನೂ ಕೇಳಿಸಿಕೊಂಡಿತು. ಮನೆಯಲ್ಲಿ ಕನ್ನಡ ಆಡುತ್ತ ಮಕ್ಕಳನ್ನು ಇಲ್ಲಿ ಬೆಳೆಸುತ್ತಿರುವ ನನಗೆ ಅವರ ಬಾಳಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ.

ಸಾನ್ ಬೆನಿಟೊ ಹ್ಯೂಸ್ಟನ್ನಿನಿಂದ ಕಾರಿನಲ್ಲಿ ಐದಾರು ಗಂಟೆಗಳ ದಾರಿ. ಕಿಂಗ್ಸ್‌ವಿಲ್ ದಾಟಿದ ಮೇಲೆ ಮೈಲುಗಟ್ಟಲೆ ಜಾನುವಾರು ಮೇಯುವ ಬಯಲುಗಳೇ ಹೊರತು ದೊಡ್ಡ ಊರುಗಳಿಲ್ಲ. ಸಾನ್ ಬೆನಿಟೊದ ನೀರಿನ ಟ್ಯಾಂಕಿನ ಮೇಲೆ ಗುಂಗುರು ಕೂದಲು, ದಟ್ಟ ಮೀಸೆಯ ಫೆಂಡರ್ ಅವರ ಚಿತ್ರವಿದೆ. ಊರಿನಲ್ಲಿ ಅವರ ಹೆಸರಿನ ಮ್ಯೂಸಿಯಮ್ಮೂ ಇದೆ, ಸಮಾಧಿಯೂ ಅಲ್ಲಿಯೇ. ಉತ್ತರಕ್ಕೆ ಮರಳುವಾಗ ಸರೀಟಾ ಬಳಿ ಗಡಿ ಗಸ್ತಿನವರ ತಪಾಸಣೆ ಠಾಣೆಯಿದೆ. ಅಲ್ಲಿ ಎಲ್ಲ ವಾಹನಗಳೂ ನಿಲ್ಲಬೇಕು, ಯಾವ ದೇಶದವರೆಂದು ಕೇಳುತ್ತಾರೆ. ನಮ್ಮಂತಹ ವೀಸಾದವರು ಪಾಸ್‌ಪೋರ್ಟ್ ಮರೆಯದೆ ಒಯ್ಯಬೇಕು. ಹಲವು ತಲೆಮಾರುಗಳಿಂದ ಟೆಕ್ಸಾಸಿನವರೇ ಆಗಿರುವ ಮೆಕ್ಸಿಕನ್ ಮೂಲದ ಕುಟುಂಬಗಳೂ ಅದೇ ಪ್ರಶ್ನೆಗೆ ಉತ್ತರಿಸಿಯೇ ಮುಂದೆ ಹೋಗುತ್ತವೆ.

1990ರ ಹೊತ್ತಿಗೆ ಡಗ್ ಸಾಮ್, ಆಗೀ ಮೇಯರ್ಸ್, ಅಕಾರ್ಡಿಯನ್ ಮಾಂತ್ರಿಕ ಫ್ಲಾಕೊ ಹಿಮೆನೆಸ್ ಅವರೊಡನೆ ಕಟ್ಟಿದ ಟೆಕ್ಸಾಸ್ ಟೊರ್ನೇಡೋಸ್ ತಂಡ ಫೆಂಡರ್ ಅವರನ್ನು ಮತ್ತೆ ತೆಹಾನೋ ನೆಲೆಗೆ ತಂದಿತು, ಗ್ರ್ಯಾಮಿ ಸಂಗೀತ ಪ್ರಶಸ್ತಿಯನ್ನೂ ತಂದುಕೊಟ್ಟಿತು. 2002ರಲ್ಲಿ ಅವರಿಗೆ ಸಂದ ಗ್ರ್ಯಾಮಿ ಪೂರ್ತಿ ಸ್ಪ್ಯಾನಿಶ್ ಹಾಡುಗಳ ಆಲ್ಬಮ್ಮಿಗೆ. ಬಾಲ್ದೆಮಾರ್ ಹುಎರ್ತಾನ ಸಂಗೀತ ಎಂದೇ ಅದಕ್ಕೆ ಹೆಸರಿಟ್ಟಿದ್ದರು. ಅದೇ ವರ್ಷ ಮಗಳು ಕೊಟ್ಟ ಮೂತ್ರಪಿಂಡವನ್ನು ಅವರಿಗೆ ಜೋಡಿಸಲಾಯಿತು. ಶ್ವಾಸಕೋಶದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 14ರಂದು ಕಾರ್ಪಸ್ ಕ್ರಿಸ್ಟಿಯಲ್ಲಿ ತೀರಿಕೊಂಡರು.

ಕರ್ನಾಟಕದಲ್ಲಿ ಕುಳಿತು ಇವರನ್ನು ಕೇಳಬಯಸುವವರು 'ವೇಸ್ಟೆಡ್ ಡೇಸ್' ಹಾಡಿನ 1959ರ ಮತ್ತು 1975ರ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಕೇಳಬೇಕೆಂದು ನನ್ನ ಸಲಹೆ. ಮೊದಲನೆಯದನ್ನು ಹಾಡುವಾಗ ಅವರಿಗೆ ಇನ್ನೂ ಇಪ್ಪತ್ತೆರಡು. ವ್ಯರ್ಥವಾದ ದಿನಗಳ ಆ ಹಾಡನ್ನು ಬರೆದದ್ದು ಸೆರೆಮನೆ ಕಾಣುವುದಕ್ಕೂ ಮೊದಲು. ಎರಡನೆಯದರಲ್ಲಿ ಮಾತು ಅದೇ ಇದ್ದರೂ ದನಿ ಹದಿನಾರು ವರ್ಷ ಹಿರಿದಾಗಿದೆ.